ಮ್ಯೂಸಿಯಂನಲ್ಲಿದ್ದ ಗಡಿಗೆಪ್ಪನ ಕಾಲು

ರಾಯಚೂರಿನಲ್ಲಿ ಹಿಮ ಬಿದ್ದದ್ದು ಒಂದೇ ಸಲ. ಅದೂ ಹತ್ತಿಯ ಹಿಮ, ಸುರಿದವರಲ್ಲಿ ನಾನೂ ಒಬ್ಬಳು. ಆ ಹಿಮದ ಮೇಲೆ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ನಡೆದುಹೋದ ಮಲ್ಲಟದ ಗಡಿಗೆಪ್ಪನ ಕಥೆ ಹೇಳಬೇಕೆಂದರೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡುಬಿಡುತ್ತೇನೆ. ಆ ಮನುಷ್ಯನ ಕಾಲಿಗೆ ಸುಳ್ಳು ಚೀಟಿ ಬರೆದು ಅಂಟಿಸಿದವಳು ನಾನೇ.

ನನ್ನ ಹೆಸರು ಶೈಲಶ್ರೀ. ಊರು ಯರಗೇರಾ. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಎರಡು ವರ್ಷ ಮನೆಯಲ್ಲಿ ಕೂತು, ಕೊನೆಗೆ ಸಿಕ್ಕ ಕೆಲಸ ಇದು: ಮಾನ್ವಿಯ ರೈಸ್ ಮಿಲ್ ಮಾಲೀಕ ಪಂಪಾಪತಿ ಸಾವುಕಾರರ ಮ್ಯೂಸಿಯಂನಲ್ಲಿ ಚೀಟಿ ಬರೆಯುವುದು. ಯಾವ ವಸ್ತು, ಎಲ್ಲಿಯದು, ಏತಕ್ಕೆ ಬಳಸುತ್ತಿದ್ದರು ಎಂದು ಚಂದದ ಅಕ್ಷರದಲ್ಲಿ ಬರೆದು ಗಾಜಿನ ಪೆಟ್ಟಿಗೆಯೊಳಗೆ ಇಡಬೇಕು.

ಭತ್ತ ಕುಟ್ಟಿಸುವ ಸಾವುಕಾರರಿಗೆ ಮ್ಯೂಸಿಯಂ ಹುಚ್ಚು ಹತ್ತಿದ್ದು ಬದರಿ ಕೇದಾರದ ಪ್ರವಾಸದಲ್ಲಿ. ಯಾವುದೋ ಬೆಟ್ಟದ ಊರಲ್ಲಿ ಬಸ್ಸು ಪಂಕ್ಚರ್ ಆಯಿತಂತೆ. ಎದುರಿಗೇ ಒಂದು ಮ್ಯೂಸಿಯಂ ಇತ್ತಂತೆ. ಒಳಗೆ ಹೋಗಿ ನೋಡಿದರೆ ಬೆಟ್ಟದ ಜನರ ಹಳೇ ಬೂಟು, ಹಳೇ ಕೋಲು, ಹಳೇ ಉಣ್ಣೆ ಅಂಗಿ. ಮರಳಿ ಬಂದವರು ಮೂರು ತಿಂಗಳು ಅದನ್ನೇ ಹೇಳಿದರು.

"ಪರ್ವತದ ಮಂದಿ ತಮ್ಮ ಹರಕ ಚಪ್ಪಲಿ ಗಾಜಿನ್ಯಾಗ ಇಟ್ಟಾರ್ರಿ. ಜನ ಪಾಳಿ ಹಚ್ಚಿ ನೋಡಾಕತ್ತಾರ! ನಮ್ಮಲ್ಲಿ ಚಪ್ಪಲಿ ಹರದಿಲ್ಲೇನು? ನಮ್ಮಲ್ಲಿ ಗುಡ್ಡ ಇಲ್ಲೇನು?"

ಗುಡ್ಡ ಇತ್ತು. ರಾಯಚೂರಿನಲ್ಲಿ ಅವರದೊಂದು ಹಳೇ ಹತ್ತಿ ಗಿರಣಿಯ ಗೋದಾಮಿತ್ತು, ಅದರ ಹಿಂದಿನ ಕಿಟಕಿ ತೆರೆದರೆ ಕೋಟೆ ಗುಡ್ಡ ಕಾಣುತ್ತಿತ್ತು. ಅಷ್ಟು ಸಾಕಾಯಿತು. ಗೋದಾಮಿಗೆ ಸುಣ್ಣ ಬಳಿಸಿ 'ಪರ್ವತ ಪರಂಪರೆ ಮ್ಯೂಸಿಯಂ' ಎಂದು ಬೋರ್ಡು ಹಾಕಿಸಿದರು. ವಸ್ತುಗಳು ಬೇಕಲ್ಲ? ಒಂದು ಕರಪತ್ರ ಬರೆಯಲು ನನಗೆ ಹೇಳಿದರು. ಬರೆದೆ: 'ಪರ್ವತಕ್ಕೆ ಸಂಬಂಧಪಟ್ಟ ಹಳೆಯ ವಸ್ತುಗಳು ಯಾರಲ್ಲಿದ್ದರೂ ತಂದುಕೊಡಿ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಲಾಗುವುದು.' ಮಾನ್ವಿ, ದೇವದುರ್ಗ, ರಾಯಚೂರು, ಮೂರೂ ಕಡೆ ಹಂಚಿದರು.

ಎಂ.ಎ. ಓದಿದ ತಲೆಗೆ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ನಮ್ಮ ಕಡೆ ಪರ್ವತ ಅಂದರೆ ಜಗತ್ತಿನಲ್ಲಿ ಒಂದೇ. ಅದು ಶ್ರೀಶೈಲ. ಯುಗಾದಿ ಹತ್ತಿರ ಬಂತೆಂದರೆ ಊರೂರಿನಿಂದ ಜನ ಜೋಳಿಗೆ ಹೆಗಲಿಗೇರಿಸಿ ಅಲ್ಲಿಯ ದೇವರು ಮಲ್ಲಯ್ಯನ ಹತ್ತಿರ ನಡೆದುಕೊಂಡು ಹೋಗುತ್ತಾರೆ. "ನಿಮ್ಮಪ್ಪ ಎಲ್ಲದಾನ?" ಎಂದರೆ "ಪರ್ವತಕ್ಕ ಹೋಗ್ಯಾನ" ಎಂಬುದೇ ಉತ್ತರ. ಯಾವ ಪರ್ವತ ಎಂದು ಮತ್ತೆ ಕೇಳುವವರು ಹೊರಗಿನವರು. ನಾನು ಹೊರಗಿನವಳಲ್ಲ, ಆದರೂ ಬರೆಯುವಾಗ ಹಾಗೇ ಆಗಿದ್ದೆ.

ಜನ ತಂದುಕೊಟ್ಟರು. ಶ್ರೀಶೈಲದ ಕೆಳಗೆ ಹರಿಯುವ ಪಾತಾಳಗಂಗೆಯ ನೀರು ತುಂಬಿದ ಡಬ್ಬಿಗಳೇ ನಲವತ್ತೇಳು ಬಂದವು. ವಿಭೂತಿ ಗಟ್ಟಿ, ಮಲ್ಲಯ್ಯನ ಫೋಟೋ, ಗಂಟೆ, ಕಾಡಿನಲ್ಲಿ ಹರಿದ ಚಪ್ಪಲಿ. ಒಬ್ಬಾಕೆ ಪರ್ವತದಲ್ಲಿ ಹೆತ್ತ ಮಗನನ್ನೇ ಕರೆತಂದು ಇವನಿಗೂ ಗಾಜು ಇದೆಯೇ ಎಂದಳು. ಮಗನಿಗೆ ಆಗಲೇ ಮೀಸೆ ಬಂದಿತ್ತು.

ಗೇಟಿನ ಹುಸೇನಪೀರ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡ. ಇವನು ಗಿರಣಿ ಇದ್ದಾಗಿನಿಂದ ಅದೇ ಗೇಟಿನಲ್ಲಿ ಕೂತವನು. ಆಗ ಹತ್ತಿಯ ಅಂಡಿಗೆ, ಮೂಟೆ ಕಾಯುತ್ತಿದ್ದ, ಈಗ ಪರಂಪರೆ ಕಾಯುತ್ತಾನೆ. ಅವನದೊಂದೇ ಕಾನೂನು: "ರಿಜಿಸ್ಟರ್‌ನಾಗ ಬಿದ್ದ ಸಾಮಾನು ಗೇಟ್ ದಾಟಂಗಿಲ್ಲ." ಬಿಸಿಲಿಗೆ ಡಬ್ಬಿಗಳ ನೀರು ಆವಿಯಾಗಿ ಕಡಿಮೆಯಾದಾಗ ಇವನಿಗೆ ನಿದ್ದೆ ಬರಲಿಲ್ಲ. ಸಾಮಾನು ಗೇಟಿನಿಂದ ಹೋಗದೆ ಮೇಲಿನಿಂದ ಹೋಗುತ್ತಿದೆ! ಕಡೆಗೆ ನಲ್ಲಿ ನೀರು ಹಾಕಿ ಸರಿಮಾಡಿದ.

ಗಡಿಗೆಪ್ಪನ ಹೆಂಡತಿ ಅಂಬಮ್ಮ ಬಂದದ್ದು ಫೆಬ್ರವರಿಯಲ್ಲಿ. ದೇವದುರ್ಗದಲ್ಲಿರುವ ತನ್ನ ತಮ್ಮನ ಟಂಟಂ ಆಟೋದಲ್ಲಿ ಎರಡು ಉದ್ದನೆಯ ಕಟ್ಟಿಗೆ ಹೇರಿಕೊಂಡು ಬಂದಳು. ಜಾಲಿ ಕಟ್ಟಿಗೆಯ ಮರಗಾಲು. ಮೊಣಕಾಲಿಗೆ ಕಟ್ಟುವ ಬಟ್ಟೆ, ಪಾದ ಊರುವ ಮೆಟ್ಟು, ಎಣ್ಣೆ ಕುಡಿದು ಕುಡಿದು ಕರ್ರಗಾದ ಮೈ. ಹರಕೆ ಹೊತ್ತವರು ಇಂಥದ್ದನ್ನು ಕಟ್ಟಿಕೊಂಡು, ನೆಲಕ್ಕೆ ಪಾದ ತಾಗಿಸದೆ ಪರ್ವತದ ತನಕ ನಡೆಯುತ್ತಾರೆ.

"ಇವು ನಮ್ಮ ಮನ್ಯಾಗಿನವರವು," ಎಂದಳು ಅಂಬಮ್ಮ. "ಗಾಜಿನ್ಯಾಗ ಇಡ್ತೀರಿ ಹೌದಿಲ್ಲ?"

"ಹೌದು ಯವ್ವಾ."

"ಕೀಲಿ ಹಾಕ್ತೀರಿ?"

"ಹಾಕ್ತೀವಿ."

"ಗಟ್ಟಿ ಕೀಲಿ?"

ವಸ್ತು ಕೊಡುವವರು ತಮ್ಮ ಹೆಸರು ದೊಡ್ಡದಾಗಿ ಬರೆಯಿರಿ ಎನ್ನುತ್ತಿದ್ದರು. ಕೀಲಿಯ ಬಗ್ಗೆ ಇಷ್ಟು ವಿಚಾರಿಸಿದವಳು ಇವಳೊಬ್ಬಳೇ. ಹೆಬ್ಬೆಟ್ಟು ಒತ್ತಿ, ಪೆಟ್ಟಿಗೆಯ ಕೀಲಿಯನ್ನು ತಾನೇ ಎರಡು ಸಲ ಜಗ್ಗಿ ನೋಡಿ ಹೋದಳು.

ಆ ಸಂಜೆ ಸಾವುಕಾರರು ಬಂದು ಮರಗಾಲನ್ನು ಸುತ್ತುಹಾಕಿ ನೋಡಿದರು. ಅವರಿಗೆ ಅದೇನೆಂದು ಚೆನ್ನಾಗಿ ಗೊತ್ತು. ಅವರ ಮಿಲ್ಲಿನ ಮುಂದೆಯೇ ಪ್ರತಿವರ್ಷ ಅಂಥವರು ಹತ್ತಾರು ಮಂದಿ ನಡೆದುಹೋಗುತ್ತಾರೆ, ಇವರೇ ನಿಂತು ಮಜ್ಜಿಗೆ ಹಂಚುತ್ತಾರೆ. ಆದರೂ ಹೇಳಿದರು, "ಹಿಮದಾಗ ನಡಿಯೋ ಕಾಲು ಅಂತ ಬರಿ."

"ಸಾವುಕಾರ್ರೇ, ಇದು ನಮ್ಮ ಮರಗಾಲು."

"ಗೊತ್ತದವಾ. ನಮಗ ಗೊತ್ತಿದ್ದದ್ದನ್ನ ಮ್ಯೂಸಿಯಂನಾಗ ಇಟ್ಟರ ನೋಡಾಕ ಯಾರು ಬರ್ತಾರ?"

ಕಟ್ಟಿಗೆಯ ಮೇಲೆ ಚಾಕುವಿನಿಂದ ಕೊರೆದ ಹನ್ನೊಂದು ಗೀರುಗಳಿದ್ದವು. ಅವೇನೆಂದು ನನಗೆ ತಿಳಿಯಲಿಲ್ಲ. ಸಾವುಕಾರರಿಗೆ ತಿಳಿಯಿತು. ಅವು ಹಿಮದ ಆಳ ಅಳೆಯುವ ಗುರುತಂತೆ. ನಾನು ಬರೆದೆ: 'ಹಿಮಗಾಲು. ಪರ್ವತ ಪ್ರದೇಶದ ಜನರು ಆಳವಾದ ಹಿಮದಲ್ಲಿ ನಡೆಯಲು ಬಳಸುತ್ತಿದ್ದ ಸಾಧನ. ಗೀರುಗಳು ಹಿಮದ ಆಳವನ್ನು ಸೂಚಿಸುತ್ತವೆ.' ನನಗೆ ನೌಕರಿ ಬೇಕಿತ್ತು, ಅಕ್ಷರ ಮಾತ್ರ ಮುತ್ತಿನಂತೆ ಬಂತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ದಿನ ಗಡಿಗೆಪ್ಪ ಬಂದ. ಅರವತ್ತು ದಾಟಿದ ಒಣಕಲು ಮೈ, ಬಿಳಿ ಧೋತರ, ಕೈಯಲ್ಲಿ ಎಣ್ಣೆಯ ಸಣ್ಣ ಬಾಟಲಿ.

"ನನ್ನ ಕಾಲು ಇಲ್ಲಿ ಅದಾವಂತ."

ಹುಸೇನಪೀರ ಬಗ್ಗಿ ನೋಡಿದ. "ಎರಡೂ ನಿಮ್ಮ ಹತ್ರನ ಅದಾವಲ್ರಿ?"

"ಇನ್ನೆರಡು."

"ಒಟ್ಟು ನಾಕೇನು?"

"ಯುಗಾದಿಗಿ ನಾಕು."

ಒಳಗೆ ಬಂದು ಪೆಟ್ಟಿಗೆಯ ಮುಂದೆ ನಿಂತ. ನನ್ನ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಆಮೇಲೆ ನನ್ನತ್ತ ತಿರುಗಿದ. "ತಂಗಿ, ಹಿಮ ಅಂದ್ರ ಐಸ್ ಹೌದಿಲ್ಲ?"

"ಹೌದು ಯಪ್ಪಾ."

"ಐಸ್‌ನಾಗ ನಾ ಯಾವಾಗ ನಡದೀನಿ?"

ಕಾಲನ್ನು ಮರಳಿ ಕೊಡಿ ಎಂದ. ಕೊಡಲು ಬರುವುದಿಲ್ಲ, ಅಂಬಮ್ಮ ಹೆಬ್ಬೆಟ್ಟು ಒತ್ತಿದ್ದಾಳೆ ಎಂದೆ. ಬೇರೆ ಜೊತೆ ಮಾಡಿಸಿಕೊಳ್ಳಬಾರದೇ ಎಂದೂ ಕೇಳಿದೆ. ಆಗ ಅವನು ಗಾಜಿನ ಮೇಲೆ ಬೆರಳಿಟ್ಟು ಗೀರುಗಳನ್ನು ಎಣಿಸಿ ತೋರಿಸಿದ.

"ಹನ್ನೆರಡು ವರ್ಷದ ಹರಕಿ. ಹನ್ನೊಂದು ಮುಗದಾವ. ಇದ ಕಾಲ ಮ್ಯಾಲ ಹೊಂಟೀನಿ, ಇದ ಕಾಲ ಮ್ಯಾಲ ಮುಗಸ್ಬೇಕು. ನಡುವ ಕಾಲು ಬದಲಿಸಿದ್ರ ನಡದದ್ದು ಯಾರು?"

ಹರಕೆ ಏತಕ್ಕೆ ಎಂದು ಕೇಳಿದೆ. ಅವನು ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಹನ್ನೆರಡು ವರ್ಷದ ಹಿಂದೆ ಅಂಬಮ್ಮನಿಗೆ ಮೆದುಳು ಜ್ವರ ಬಂದು ರಾಯಚೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಮಲಗಿದ್ದಳು. ಇನ್ನು ಆಸೆಯಿಲ್ಲ, ಮನೆಗೆ ಕರಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ದಿನ ಇವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತ. ಅವಳು ಎದ್ದು ಕೂತಳು.

"ಆಕಿಗಿ ಗೊತ್ತಿಲ್ಲ," ಎಂದ. "ಯಾರ ಸಲುವಾಗಿ ಹೊತ್ತೀವೋ ಅವರಿಗಿ ಮುಗಿಯೋ ತನಕ ಹೇಳಬಾರ್ದು. ನಮ್ಮಪ್ಪ ಹಂಗ ಹೇಳಿದ್ದ. ಹೋದ ವರ್ಷ ಕಾಡಿನ್ಯಾಗ ಬಿದ್ದು ಕೈ ಮುರಕೊಂಡೆ. ಅವತ್ತಿಂದ ಹೋಗಬ್ಯಾಡ ಅಂತ ಜಗಳ ತಗದಾಳ. ಈಗ ಕಾಲ ಒಯ್ದು ಇಲ್ಲಿ ಕೀಲಿ ಹಾಕ್ಸ್ಯಾಳ."

ಹೆಂಡತಿಯ ಜೀವಕ್ಕಾಗಿ ಇವನ ಹರಕೆ. ಇವನ ಜೀವಕ್ಕಾಗಿ ಹೆಂಡತಿಯ ಕೀಲಿ. ನಡುವೆ ನಾನು ಹಿಮದ ಆಳ ಬರೆದುಕೊಂಡು ಕೂತಿದ್ದೆ.

ಸಾವುಕಾರರಿಗೆ ಹೇಳಿದೆ. ಹರಕೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. ಹಿಮಗಾಲೇ ಅವರ ಮ್ಯೂಸಿಯಂನ ಹೆಮ್ಮೆ, ಉಳಿದದ್ದೆಲ್ಲ ನಲ್ಲಿ ನೀರು. ಗಡಿಗೆಪ್ಪ ಮಾತ್ರ ದಿನ ಬಿಟ್ಟು ದಿನ ಮಲ್ಲಟದಿಂದ ಬಸ್ಸು ಹತ್ತಿ ಬಂದ. ಕಾಲಿಗೆ ಎಣ್ಣೆ ಕಾಣಿಸದಿದ್ದರೆ ಕಟ್ಟಿಗೆ ಸೀಳುತ್ತದೆ ಎಂದು ಹುಸೇನಪೀರನನ್ನು ಬೇಡಿಕೊಂಡ. ಪೆಟ್ಟಿಗೆ ತೆರೆಯಲು ಹುಕುಂ ಇಲ್ಲ ಎಂದ ಹುಸೇನಪೀರ. ಗಡಿಗೆಪ್ಪ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಹೊರಗಿನಿಂದಲೇ ಗಾಜಿನ ಮೇಲೆ, ಕಾಲು ಇದ್ದ ಜಾಗಕ್ಕೆ ಸರಿಯಾಗಿ, ಮೇಲಿನಿಂದ ಕೆಳಗೆ ಸವರಿದ. ಪ್ರತಿಸಲವೂ ಹಾಗೇ ಮಾಡಿದ. ನಾನು ಆ ಗಾಜನ್ನು ಒರೆಸುವುದು ಬಿಟ್ಟೆ.

ಯುಗಾದಿಗೆ ಹದಿನೆಂಟು ದಿನ ಮೊದಲು 'ಪರ್ವತ ಉತ್ಸವ' ಇಟ್ಟುಕೊಂಡರು. ಬೆಂಗಳೂರಿನಿಂದ ಪರಂಪರೆಯ ತಜ್ಞರೊಬ್ಬರು ಬರುವವರಿದ್ದರು. ಹಿಮಗಾಲಿನ ಮೇಲೆ ಒಬ್ಬ ಮನುಷ್ಯನನ್ನು ನಡೆಸಿ ತೋರಿಸಬೇಕೆಂದು ಸಾವುಕಾರರಿಗೆ ಆಸೆಯಾಯಿತು. ಯಾರಿಗೆ ನಡೆಯಲು ಬರುತ್ತದೆ? ನಾನು ಗಡಿಗೆಪ್ಪನ ಹೆಸರು ಹೇಳಿದೆ. ಇಷ್ಟರಲ್ಲಿ ನನ್ನ ತಲೆಯಲ್ಲೂ ಏನೋ ಓಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗೋದಾಮಿನ ನೆಲಕ್ಕೆ ಹತ್ತಿ ಸುರಿದೆವು. ಹೊರಗೆ ಬಿಸಿಲು ನಲವತ್ತು ಮುಟ್ಟಿತ್ತು, ಒಳಗೆ ಮೊಣಕಾಲುದ್ದ ಹಿಮ. ವೇದಿಕೆಯ ಮೇಲೆ ಅಂಬಮ್ಮನಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿದ್ದರು. ವಸ್ತು ದಾನ ಮಾಡಿದವಳೆಂದು ಸನ್ಮಾನ. ಇಂದು ಮರಗಾಲು ಪೆಟ್ಟಿಗೆಯಿಂದ ಹೊರಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹುಸೇನಪೀರ ಕೀಲಿ ತೆರೆದ. ಸ್ವೆಟರು, ಮಂಕಿ ಟೋಪಿಯ ಗಡಿಗೆಪ್ಪ ಗೋಡೆಗೆ ಒರಗಿ ಕಾಲು ಕಟ್ಟಿಕೊಂಡ. ಕಟ್ಟುವ ಮೊದಲು ಎರಡಕ್ಕೂ ಹಣೆ ಹಚ್ಚಿದ, ಬಾಟಲಿಯಲ್ಲಿದ್ದ ಎಣ್ಣೆಯನ್ನೆಲ್ಲ ಹಚ್ಚಿದ. ಎದ್ದು ನಿಂತಾಗ ಅವನ ತಲೆ ತೊಲೆಗೆ ತಾಗುವಷ್ಟಾಯಿತು. ಒಂದು ಸುತ್ತು ಹತ್ತಿಯ ಮೇಲೆ ನಡೆದ. ಅಂಬಮ್ಮ ಎದ್ದದ್ದನ್ನು ಕಂಡು ಸಾವುಕಾರರು ಅವಳನ್ನು ಮತ್ತೆ ಕೂರಿಸಿದರು. ಜನ ಚಪ್ಪಾಳೆ ತಟ್ಟಿದರು. ತಜ್ಞರು ಮೈಕು ಮೇಲಕ್ಕೆತ್ತಿ ಹಿಡಿದು ಕೇಳಿದರು, "ಯಜಮಾನರೇ, ನಿಮ್ಮ ಕಡೆ ಇದು ಎಷ್ಟು ಬೀಳುತ್ತದೆ?"

ಗಡಿಗೆಪ್ಪ ಕೆಳಗೆ ನೋಡಿದ. ಎರಡೆಕರೆ ಹತ್ತಿ ಬೆಳೆಯುವ ಮನುಷ್ಯ. "ಈ ಸಲ ಎಕರೆಗಿ ಎಂಟು ಕ್ವಿಂಟಲ್ ಬಂತ್ರಿ."

ತಜ್ಞರು ಅದನ್ನು ಬರೆದುಕೊಂಡರು.

ಅಷ್ಟರಲ್ಲಿ ರಸ್ತೆಯಿಂದ ಜಾಗಟೆಯ ಸದ್ದು ಬಂತು. ಮಾನ್ವಿ ಕಡೆಯ ಮಂದಿ ಪರ್ವತಕ್ಕೆ ಹೊರಟಿದ್ದರು. ಗಡಿಗೆಪ್ಪ ಎರಡನೇ ಸುತ್ತಿಗೆಂದು ತಿರುಗಿದವನು ತಿರುವು ಮುಗಿಸಲೇ ಇಲ್ಲ. ನೇರವಾಗಿ ಬಾಗಿಲು ದಾಟಿದ. ಟೋಪಿ ಕಿತ್ತು ಎಸೆದ. "ಮಲ್ಲಯ್ಯಾ!" ಎಂದು ಒಂದು ಕೂಗು ಹಾಕಿ, ಹತ್ತಿ ಅಂಟಿದ ಮರಗಾಲಿನಲ್ಲಿ ಗೇಟಿನತ್ತ ದಾಪುಗಾಲು ಹಾಕಿದ. ಇದೂ ಕಾರ್ಯಕ್ರಮವೇ ಎಂದುಕೊಂಡ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಹುಸೇನಪೀರ ಓಡಿಬಂದು ಗೇಟು ಎಳೆದ. "ಮನಶ್ಯಾ ಹೋಗಬೌದು. ಸಾಮಾನು ಹೋಗಂಗಿಲ್ಲ."

"ಸಾಮಾನು ಬಿಚ್ಚಿದ್ರ ನಾ ಹೆಂಗ ಹೋಗ್ಲೋ?"

ಹಣ್ಣಿನ ಬುಟ್ಟಿ ಎಲ್ಲೋ ಬಿಟ್ಟು, ಶಾಲು ನೆಲಕ್ಕೆ ಎಳೆಯುತ್ತ ಅಂಬಮ್ಮ ಬಂದು ಅವನ ಒಂದು ಮರಗಾಲು ಹಿಡಿದಳು. "ಇಳೀ ಕೆಳಗ! ಹೋದ ವರ್ಷ ಕೈ, ಈ ವರ್ಷ ಏನು ಮುರಕೋತಿ? ನಾ ಒಬ್ಬಾಕಿ ಆಗ್ಲೇನು?"

"ಬೀಳಂಗಿಲ್ಲ."

"ಯಾರ ಸಲುವಾಗಿ ಹೊಂಟಿ? ಅದನ್ನರ ಹೇಳು, ಬಿಡ್ತೀನಿ!"

ಅಷ್ಟು ಎತ್ತರದಿಂದ ಗಡಿಗೆಪ್ಪ ಅವಳನ್ನು ನೋಡಿದ. ಹೇಳಿದರೆ ಅವಳು ಬಿಡುತ್ತಾಳೆ, ಆದರೆ ಹನ್ನೊಂದು ವರ್ಷ ಮಣ್ಣುಪಾಲು. ಹೇಳದಿದ್ದರೆ ಅವಳು ಬಿಡುವುದಿಲ್ಲ. ಗೇಟಿನಾಚೆ ಜಾಗಟೆಯ ಸದ್ದು ದೂರವಾಗುತ್ತಿತ್ತು.

"ಬಂದು ಹೇಳ್ತೀನಿ," ಎಂದ.

ಅಂಬಮ್ಮ ಏನು ಕಂಡಳೋ ಆ ಮುಖದಲ್ಲಿ. ಅವನ ಮರಗಾಲು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟಳು. ಉಳಿದದ್ದು ಹುಸೇನಪೀರ.

ಆಗ ನಾನು ರಿಜಿಸ್ಟರು ತೆಗೆದುಕೊಂಡು ಮೊದಲ ಹಾಳೆ ತೆರೆದೆ. ನಿಯಮಗಳನ್ನು ಬರೆದವಳು ನಾನೇ. ಗಟ್ಟಿಯಾಗಿ ಓದಿದೆ: "ವಸ್ತುವನ್ನು ಪ್ರದರ್ಶನಕ್ಕಾಗಿ ಹೊರಗೆ ಒಯ್ಯುವಾಗ ಕಾವಲುಗಾರನು ಜೊತೆಗಿರತಕ್ಕದ್ದು. ಹುಸೇನಪೀರ, ಪ್ರದರ್ಶನ ಇನ್ನಾ ಮುಗಿದಿಲ್ಲ."

"ಎಲ್ಲಿ ತನಕ ಅದ ಮೇಡಂ?"

"ಪರ್ವತದ ತನಕ."

ಹುಸೇನಪೀರ ಒಳಗೆ ಓಡಿದ. ಛತ್ರಿ ತಂದ, ನೀರಿನ ಬಾಟಲಿ ತಂದ, ನನ್ನ ಕೈಯಿಂದ ರಿಜಿಸ್ಟರು ಕಸಿದುಕೊಂಡು ಗೇಟಿನ ಕೀಲಿಗೊಂಚಲನ್ನು ನನಗೆ ಕೊಟ್ಟ. "ನಲವತ್ತೇಳು ಡಬ್ಬಿ, ನೀರು ನೋಡ್ಕೋರಿ," ಎಂದು ಗೇಟು ತೆರೆದ. ಹಿಂದಿನಿಂದ ಸಾವುಕಾರರು ಕೂಗಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಂದಿನದು ರಿಜಿಸ್ಟರಿನಲ್ಲಿದೆ. ಹುಸೇನಪೀರ ದಿನವೂ ಬರೆದಿದ್ದಾನೆ. 'ಯಾಪಲದಿನ್ನಿ. ವಸ್ತು ಎರಡೂ ಸುಸ್ಥಿತಿ. ಮೇಲಿನ ಮನುಷ್ಯ ಸುಸ್ತು.' 'ಗದ್ವಾಲ. ಜನ ವಸ್ತುವಿಗೆ ನೀರು ಹಾಕಿ ನಮಸ್ಕಾರ ಮಾಡಿದರು. ಮುಟ್ಟಬಾರದು ಎಂದೆ, ನನಗೂ ಮಾಡಿದರು.' 'ಕಾಡು. ಒಂದು ಮಂಗ ಈ ರಿಜಿಸ್ಟರಿನ ಎರಡು ಹಾಳೆ ಒಯ್ದಿದೆ. ಡಬ್ಬಿಗಳ ಲೆಕ್ಕ ಅದರಲ್ಲಿತ್ತು.' 'ಭೀಮನ ಕೊಳ್ಳ. ಕಡಿದಾದ ಇಳಿಜಾರು. ವಸ್ತುವಿನ ಮೇಲಿನ ಮನುಷ್ಯ ಬೀಳಬಾರದೆಂದು ನನ್ನ ಹೆಗಲು ಹಿಡಿದು ಇಳಿದ. ಹೆಗಲು ಇನ್ನೂ ನೋಯುತ್ತಿದೆ.' ಕೊನೆಯದು: 'ಪರ್ವತ. ಹನ್ನೆರಡನೇ ಗೀರು ಕೊರೆದು ವಸ್ತುವನ್ನು ಮಲ್ಲಯ್ಯನಿಗೆ ಒಪ್ಪಿಸಲಾಯಿತು. ರಸೀದಿ ಕೇಳಿದೆ, ಯಾರೂ ಕೊಡಲಿಲ್ಲ.'

ಹರಕೆ ಮುಗಿದರೆ ಕಾಲನ್ನು ಅಲ್ಲೇ ಬಿಟ್ಟು ಬರುವುದು ಪದ್ಧತಿ. ಇದನ್ನು ನಾನು ಸಾವುಕಾರರಿಗೆ ಮೊದಲೇ ಹೇಳಬಹುದಿತ್ತು. ಹೇಳಿರಲಿಲ್ಲ. ಅವರು ಖಾಲಿ ಪೆಟ್ಟಿಗೆಯ ಮುಂದೆ ನಿಂತು ನನ್ನನ್ನು ಬೇಕಾದಷ್ಟು ಬೈದರು, ಕೆಲಸದಿಂದ ತೆಗೆಯುತ್ತೇನೆಂದರು. ಅದೇ ವಾರ ಬೆಂಗಳೂರಿನ ತಜ್ಞರಿಂದ ಪತ್ರ ಬಂತು. ಇಂಥ ಜೀವಂತ ಪ್ರದರ್ಶನ ದೇಶದಲ್ಲೇ ಕಂಡಿಲ್ಲ ಎಂದು ಬರೆದಿದ್ದರು. ಸಾವುಕಾರರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿ ಸುಮ್ಮನಾದರು.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಗಡಿಗೆಪ್ಪ ಒಬ್ಬನೇ ಬಂದ. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಈಗ ಬಾಯಿ ಬಿಡಲು ಬರುತ್ತಿರಲಿಲ್ಲ. ಮನೆಗೆ ಬಂದು ನಾಲ್ಕು ದಿನವಾಗಿತ್ತು, ಅಂಬಮ್ಮ ನಾಲ್ಕು ದಿನವೂ ಕೇಳಿದ್ದಳು. ಇವನು ನಾಲ್ಕು ದಿನವೂ ಎತ್ತಿಗೆ ಮೇವು ಹಾಕಲು ಎದ್ದು ಹೋಗಿದ್ದ.

"ನನಗ ಹೇಳಾಕ ಬರವಲ್ದು ತಂಗಿ. ಎದುರಿಗಿ ಕುಂತು ಅಂಥಾ ಮಾತು ನಾವು ಆಡಿದವರಲ್ಲ. ನೀ ಚೀಟಿ ಬರಿ. ಆಕಿನ್ನ ಕರಕೊಂಡು ಬರ್ತೀನಿ."

ಹಳೇ ಚೀಟಿ ಹರಿದೆ. ಹೊಸದು ಬರೆಯಲು ಒಂದಿಡೀ ದಿನ ಹಿಡಿಯಿತು.

ಅವರು ಸೋಮವಾರ ಬಂದರು. ಗಡಿಗೆಪ್ಪ ಒಳಗೆ ಬರದೆ ಗೇಟಿನಲ್ಲಿ ಹುಸೇನಪೀರನ ಪಕ್ಕ ಕೂತುಬಿಟ್ಟ. ಇಬ್ಬರೂ ಭೀಮನ ಕೊಳ್ಳದ ಮಾತು ತೆಗೆದರು. ಅಂಬಮ್ಮ ಖಾಲಿ ಪೆಟ್ಟಿಗೆಯ ಮುಂದೆ ನಿಂತಳು. ಅವಳಿಗೆ ಓದಲು ಬರದು, ನಾನೇ ಓದಿದೆ:

"ಮರಗಾಲು, ಒಂದು ಜೊತೆ. ಜಾಲಿ ಕಟ್ಟಿಗೆಯವು. ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಂಡತಿ ಅಂಬಮ್ಮ ಬದುಕಿದರೆ ಸಾಕೆಂದು ಮಲ್ಲಟದ ಗಡಿಗೆಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಹರಕೆ ಹೊತ್ತು, ಹನ್ನೆರಡು ವರ್ಷ ಇವುಗಳ ಮೇಲೆ ಪರ್ವತಕ್ಕೆ ನಡೆದ. ಅಂಬಮ್ಮ ಬದುಕಿದ್ದಾಳೆ. ವಸ್ತು ಸದ್ಯ ಪರ್ವತದಲ್ಲಿದೆ."

ಇನ್ನೊಮ್ಮೆ ಓದು ಎಂದಳು. ಓದಿದೆ. ಗಾಜಿನ ಮೇಲೆ ಎರಡು ಉದ್ದನೆಯ ಎಣ್ಣೆ ಕಲೆಗಳಿದ್ದವು, ಅವನ್ನು ಬೆರಳಿನಿಂದ ಮುಟ್ಟಿದಳು.

"ಇದು ಯಾರು ಮಾಡಿದ್ದು?"

"ಅವರ. ಒಳಗ ಕೈ ಹೋಗಲಾರದಕ್ಕ ಹೊರಗ ಹಚ್ಚತಿದ್ರು."

ಅಂಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಗೇಟಿನ ಕಡೆ ತಿರುಗಿ, ಅಲ್ಲಿ ಕೂತವನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು, "ಮೊದಲ ಹೇಳಬಾರ್ದಿತ್ತೇನು? ನಾನ ಎಣ್ಣಿ ಹಚ್ಚಿ ಕಳಸ್ತಿದ್ದೆ!"

ಗೇಟಿನಲ್ಲಿ ಭೀಮನ ಕೊಳ್ಳದ ಮಾತು ನಿಂತಿತು. ಗಡಿಗೆಪ್ಪ ಈ ಕಡೆ ನೋಡಲಿಲ್ಲ, ಹುಸೇನಪೀರ ಅವನ ಕೈಗೆ ನೀರಿನ ಬಾಟಲಿ ಕೊಟ್ಟ.

ಅಂಬಮ್ಮ ಕಣ್ಣೊರೆಸಿಕೊಂಡು ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಕಡೀಗಿ ಏನೋ ಅಂದೆಲ್ಲ ತಂಗಿ, ವಸ್ತು ಅಂತ. ಹಂಗ ಬರೀಬ್ಯಾಡ. ಕಾಲು ಅಂತ ಬರಿ."

ಪೆಟ್ಟಿಗೆ ತೆರೆದು, 'ವಸ್ತು' ಎಂಬುದನ್ನು ಹೊಡೆದುಹಾಕಿ, ಮೇಲೆ 'ಕಾಲು' ಎಂದು ಬರೆದೆ. ಅಕ್ಷರ ಚಂದ ಬರಲಿಲ್ಲ, ಹಾಗೇ ಬಿಟ್ಟೆ.